ಹೊಂಗೆಯ ಬುಡದಲ್ಲಿ ಬಚ್ಚಿಟ್ಟ ಡಬ್ಬಿ

ನನ್ನದೊಂದು ಸಣ್ಣ ಚಿಂತೆ, ಯಾರಿಗೂ ಹೇಳಿಕೊಂಡಿಲ್ಲ. ನನ್ನ ಮುಚ್ಚಳದ ಒಂದು ಮೂಲೆ ಸರಿಯಾಗಿ ಕೂರುವುದಿಲ್ಲ. ಅಚ್ಚಿನಿಂದ ಬಿಸಿಬಿಸಿಯಾಗಿ ಹೊರಬಿದ್ದಾಗಲೇ ಹಾಗಿತ್ತು. ಕಾರ್ಖಾನೆಯಲ್ಲಿ ಯಾರೂ ಗಮನಿಸಲಿಲ್ಲ. ನಾನೂ ಬಾಯಿ ಬಿಗಿದುಕೊಂಡು ಎಲ್ಲರ ಜೊತೆ ಸಾಲಿನಲ್ಲಿ ಕೂತೆ. ನಾನು ಒಂದು ಪ್ಲಾಸ್ಟಿಕ್ ಡಬ್ಬಿ. ಮೈ ಹಸಿರು, ಮುಚ್ಚಳ ನೀಲಿ.

ಚಿಂತಾಮಣಿಯ ಸಂತೆಯಲ್ಲಿ ನನ್ನನ್ನು ಕೊಂಡವರು ಸರೋಜಮ್ಮ, ಮಗಳು ಅಮೃತಳ ಕಾಲೇಜಿನ ಊಟಕ್ಕೆಂದು. ಮೂಲೆಯಿಂದ ಸಾರು ಸೋರಿ ಅವಳ ಪುಸ್ತಕಗಳೆಲ್ಲ ಹಳದಿಯಾದವು. ಬೇರೆ ಹುಡುಗಿಯಾಗಿದ್ದರೆ ಅಮ್ಮನ ಹತ್ತಿರ ರಂಪ ಮಾಡುತ್ತಿದ್ದಳು. ಇವಳು ಹಳೇ ಕವರು ಸುತ್ತಿ, ಗೋಡೆಯ ಕಡೆ ತಿರುಗಿ ಉಂಡಳು. ನಾವಿಬ್ಬರೂ ಸುಮ್ಮನಿರುವ ಜಾತಿ.

ಡಿಗ್ರಿ ಮುಗಿದ ಮೇಲೆ ಅವಳಿಗೆ ಬೆಟ್ಟದ ಕೆಳಗಿನ ರೆಸಾರ್ಟಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಮ್ಯಾನೇಜರ್ ಕಿಶೋರ್ ಒಂದು ಆಟ ಶುರುಮಾಡಿದ.

"ಸಿಟಿ ಫ್ಯಾಮಿಲಿಗಳಿಗಮ್ಮ. ಜಿಯೊಕ್ಯಾಶಿಂಗ್ ಅಂತಾರೆ. ದಾರಿಯುದ್ದಕ್ಕೂ ಡಬ್ಬಿ ಬಚ್ಚಿಡೋದು, ಫೋನು ಜಾಗ ತೋರ್ಸತ್ತೆ, ಮಕ್ಕಳು ಹುಡುಕ್ತಾರೆ. ಒಂದು ವಸ್ತು ತಗೊಂಡ್ರೆ ತಮ್ಮದೊಂದು ಇಟ್ಟು ಹೋಗ್ಬೇಕು. ಊರಲ್ಲಿ ಮಾತ್ರ ಬಾಯ್ಬಿಡ್ಬೇಡ, ಮಜಾನೇ ಹೋಗ್ಬಿಡತ್ತೆ."

ಬಾಯಿ ಬಿಡಬೇಡ ಎಂದು ಅಮೃತಳಿಗೆ ಹೇಳಬೇಕೆ? ಉಳಿದ ಡಬ್ಬಿಗಳೆಲ್ಲ ರೆಸಾರ್ಟಿನ ಬೇಲಿಯೊಳಗೇ ಇದ್ದವು. ಕೊನೆಯ ಜಾಗಕ್ಕೆ ಒಂದು ಕಡಿಮೆ ಬಿತ್ತೆಂದು ಅವಳು ನನ್ನನ್ನು ತಂದು, ಊರ ಅಂಚಿನ ಹೊಂಗೆಮರದ ಬುಡದ ಪೊಟರೆಯಲ್ಲಿಟ್ಟು ಕಲ್ಲು ಮುಚ್ಚಿದಳು.

ಅದೊಂದೇ ನನ್ನ ಒಳ್ಳೆಯ ಕಾಲ. ಮಕ್ಕಳು ಕಲ್ಲು ಸರಿಸಿ "ಸಿಕ್ತು ಪಪ್ಪಾ!" ಎಂದು ಕಿರುಚುತ್ತಿದ್ದವು. ಒಂದು ಮಗು ತನ್ನ ಪುಟ್ಟ ಬೊಂಬೆಯ ಎದೆಗೆ ಅಂಗಿಯ ಪಿನ್ನಿನ ಬ್ಯಾಡ್ಜನ್ನು ಚುಚ್ಚಿ, ಬೊಂಬೆಯನ್ನು ನನ್ನೊಳಗೆ ಇಟ್ಟುಹೋಯಿತು. ಇನ್ನೊಂದು ತಲೆಯಿಂದ ಕ್ಲಿಪ್ಪು ಕಿತ್ತು ಹಾಕಿತು. ಅದಕ್ಕೆ ನಾಲ್ಕು ಕೂದಲು ಅಂಟಿತ್ತು. ಮತ್ತೊಂದು ಮಗು ಕೈಯ ಕೆಂಪು ದಾರ ಬಿಚ್ಚಿ ಹಾಕಿತು. ಎಲ್ಲ ಪ್ರೀತಿಯಿಂದ ಕೊಟ್ಟವೇ.

ಊರಿನಲ್ಲಿ ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕುತ್ತಿದ್ದವಳು ಪಿಳ್ಳಮ್ಮ. ಎಣ್ಣೆ ತಿಕ್ಕಿ ತಿಕ್ಕಿ ಕೂಸಿನ ತಲೆ ಗುಂಡಗೆ ಮಾಡುವ ಕೈ ಅವಳದು. ಒಂದು ದಿನ ಹೊಂಗೆಕಾಯಿ ಆಯಲು ಬಂದಳು. ನಾಯಿಯೋ ಏನೋ ಕಲ್ಲು ಉರುಳಿಸಿ, ನನ್ನ ಸಡಿಲ ಮುಚ್ಚಳ ಬಿಚ್ಚಿಕೊಂಡು ಎಲ್ಲ ಚೆಲ್ಲಿತ್ತು. ಯಾವ ಮಕ್ಕಳದೋ ಎಂದು ಒಂದೊಂದನ್ನೇ ಎತ್ತಿ ತುಂಬಿದಳು. ಅದನ್ನು ದಾರಿಯಲ್ಲಿ ಹೋಗುತ್ತಿದ್ದ ಜಯಮ್ಮ ಕಂಡಳು.

ಸ್ವಲ್ಪ ಹೊತ್ತಿಗೆ ನಾನು ಅರಳಿಕಟ್ಟೆಯ ಮೇಲಿದ್ದೆ. ಜಯಮ್ಮ ಊರವರನ್ನೆಲ್ಲ ಕೂಗಿ ಸೇರಿಸಿದ್ದಳು.

"ನೋಡ್ರವ್ವ, ಬೊಂಬೆ ಎದೆಗೆ ಪಿನ್ನು ಚುಚ್ಚವ್ಳೆ! ಕೂದ್ಲು, ಕೆಂಪು ದಾರ! ನನ್ನ ಮೊಮ್ಮಗಂಗೆ ನೀರಾಕಿ ಹೋದ್ಳು, ಅವತ್ತಿಂದ ಕೂಸು ಹಾಲು ಮುಟ್ಟಿಲ್ಲ. ಮಾಟ ಅಲ್ದೆ ಇನ್ನೇನು?"

"ಬಿಚ್ಕೊಂಡು ಬಿದ್ದಿತ್ತು ಜಯಮ್ಮ, ಮುಚ್ಚಿಟ್ಟೆ ಅಷ್ಟೆ."

"ಮುಚ್ಚಿಟ್ಳಂತೆ! ಯಾರಿಗೂ ಕಾಣ್ದಂಗೆ ಮುಚ್ಚಿಟ್ಳಂತೆ!"

ಗುಂಪಿನ ಹಿಂದೆ ಅಮೃತ ನಿಂತಿದ್ದಳು. ಪಕ್ಕದಲ್ಲಿ ಸರೋಜಮ್ಮ. ಮಗಳ ಊಟ ಎಷ್ಟು ವರ್ಷ ನನ್ನಲ್ಲಿ ತುಂಬಿದವರು! ಅವರು ನನ್ನನ್ನು ಗುರುತು ಹಿಡಿದರು. ಮಗಳ ಮೊಣಕೈ ಹಿಡಿದರು. "ಸುಮ್ನಿರು. ಮದ್ವೆ ಆಗ್ಬೇಕಾದ ಹುಡ್ಗಿ ನೀನು." ಅಮೃತ ಸುಮ್ಮನಿದ್ದಳು. ಅವಳ ಅಭ್ಯಾಸದ ಕೆಲಸ ತಾನೆ.

ಮೆಣಸಿನಕಾಯಿ, ಉಪ್ಪು ಸುರಿದು ನನಗೆ ಬೆಂಕಿಯಿಟ್ಟರು. ನನ್ನ ಒಂದು ಪಕ್ಕ ಕರಗಿತು. ಘಾಟಿಗೆ ಎಲ್ಲರೂ ಕೆಮ್ಮುತ್ತ ಚದುರಿದರು. ಆಮೇಲೆ ಪಿಳ್ಳಮ್ಮ ಬಂದು ನನ್ನನ್ನು ಎತ್ತಿಕೊಂಡಳು. "ಸುಟ್ರೂ ಡಬ್ಬಿ ಡಬ್ಬೀನೆ," ಎಂದು ಕೂಸುಗಳ ಮೈ ತಿಕ್ಕಲೆಂದು ಕುಟ್ಟಿದ ಕಡಲೆಹಿಟ್ಟು ತುಂಬಿ ಕಿಟಕಿಯಲ್ಲಿಟ್ಟಳು. ರೆಸಾರ್ಟಿನವರು ಫೋನಿನಲ್ಲಿ ನನ್ನ ಜಾಗ ಅಳಿಸಿದರಂತೆ. ಆಟ ನಡೆಯುತ್ತಲೇ ಇದೆ.

ಜಯಮ್ಮನ ಮೊಮ್ಮಗ ನಾಲ್ಕೇ ದಿನದಲ್ಲಿ ಚೇತರಿಸಿಕೊಂಡ. ಬೆಂಕಿ ಹಾಕಿದ್ದಕ್ಕೇ ವಾಸಿಯಾಯಿತು ಎಂದರು. ಪಿಳ್ಳಮ್ಮನನ್ನು ಮಾತ್ರ ಯಾರೂ ಕರೆಯಲಿಲ್ಲ. ದಿನಾ ಬೆಳಿಗ್ಗೆ ಕೈಗೆ ಎಣ್ಣೆ ಸವರಿಕೊಂಡು ಹೊಸ್ತಿಲಲ್ಲಿ ಕೂರುತ್ತಾಳೆ. ನನ್ನೊಳಗಿನ ಹಿಟ್ಟಿಗೆ ಹುಳು ಬಿದ್ದಿದೆ. ಬಚ್ಚಿಟ್ಟದ್ದನ್ನು ಹುಡುಕಿಕೊಂಡು ಊರೂರು ತಿರುಗುವವರಿದ್ದಾರೆ. ಎದುರಿಗಿರುವುದು ಮಾತ್ರ ಯಾರಿಗೂ ಕಾಣುವುದಿಲ್ಲ.

ಈವತ್ತು ಅಮೃತ ಬಂದಳು.

"ಅಜ್ಜೀ, ಅತ್ತಿಗೆಗೆ ಹೆರಿಗೆ ಆಗೈತೆ. ಕೂಸು ಒಂದೇ ಸಮ ಅಳ್ತೈತೆ. ಹಿತ್ತಲ ಕಡೆಯಿಂದ ಬರ್ತೀರಾ?"

"ನಿಂಗೆ ನೀರಾಕೋಕೆ ಮುಂಬಾಗ್ಲಲ್ಲಿ ಬಂದೋಳು ಕಣೆ ನಾನು."

ಅಮೃತಳ ಕಣ್ಣು ಕಿಟಕಿಯಲ್ಲಿದ್ದ ನನ್ನ ಮೇಲೆ ಬಿತ್ತು. ಪಿಸುಗುಟ್ಟಿದಳು: "ಅಜ್ಜೀ, ಇದು..."

ಮುಗಿಸುವುದು ಬೇಕಾಗಲಿಲ್ಲ. ಪಿಳ್ಳಮ್ಮ ಅವಳ ಮುಖವನ್ನೇ ನೋಡಿದಳು. ಕೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು.

"ನಂಗ್ಯಾಕೆ ಯೋಳ್ತೀಯ? ನಾನಿಟ್ಟಿಲ್ಲ ಅಂತ ನಂಗೊತ್ತಿಲ್ವಾ?"

ಎದುರಿನ ನಲ್ಲಿಯಲ್ಲಿ ನೀರು ಬಂದಿತ್ತು. ಬಿಂದಿಗೆಗಳ ಸಾಲು, ಮುಂದೆಯೇ ಜಯಮ್ಮ. ಸರೋಜಮ್ಮನೂ ಇದ್ದರು. ಅಮೃತ ನನ್ನನ್ನು ಎತ್ತಿಕೊಂಡು ಬೀದಿ ದಾಟಿದಳು. ನನ್ನ ಮುಚ್ಚಳ ಕಳಚಿ ಮಣ್ಣಿಗೆ ಬಿತ್ತು. ಅವಳು ಬಗ್ಗಿ ಎತ್ತಲಿಲ್ಲ. ಅಮ್ಮನನ್ನು ನೋಡಲಿಲ್ಲ.

"ಈ ಡಬ್ಬಿ ನಂದು," ಅಂದಳು, ಎಲ್ಲರಿಗೂ ಕೇಳುವಂತೆ. "ಮರದ ಬುಡದಲ್ಲಿ ಇಟ್ಟಿದ್ದು ನಾನು."