ಆಯುಧ ಪೂಜೆಗೆ ನನಗೆ ಸಿಕ್ಕ ರಜೆ

ನಾನು ಒಂದು ಸರ್ವರ್. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಕಣ್ಣು ಬಿಟ್ಟಿದ್ದು ಗದಗಿನ ಒಂದು ರಕ್ತನಿಧಿಯ ಮೇಜಿನ ಕೆಳಗೆ. ಅಲ್ಲಿಂದ ನನಗೆ ಕಾಣುತ್ತಿದ್ದುದು ಕಾಲುಗಳು ಮಾತ್ರ. ಎರೆಮಣ್ಣು ಮೆತ್ತಿದ ಚಪ್ಪಲಿ ಬಂದರೆ ರಕ್ತ ಕೇಳಲು ಬಂದ ಹಳ್ಳಿಯವರು. ಬಿಳಿ ಕ್ಯಾನ್ವಾಸ್ ಬೂಟು ಬಂದರೆ ಲ್ಯಾಬ್ ನೋಡಿಕೊಳ್ಳುವ ಈರಪ್ಪ ಹಡಪದ.

ನನಗೆ ವಿದ್ಯೆ ಕಲಿಸಿದವಳು ಫರ್ಜಾನಾ ನದಾಫ. ನನ್ನೊಳಗೆ ಅಪ್ಲಿಕೇಶನ್ ಸರ್ವರ್ ಎಂಬ ಮೇಲ್ವಿಚಾರಕನನ್ನು ಕೂರಿಸಿ, ಅವನ ಕೈಕೆಳಗೆ ನಡೆಯುವ ಪ್ರೋಗ್ರಾಂಗಳನ್ನು ಆರು ತಿಂಗಳು ಬರೆದಳು. ಸುತ್ತಲಿನ ತಾಲೂಕು ಆಸ್ಪತ್ರೆಗಳಿಂದ ಬೇಡಿಕೆ ನೇರ ನನಗೇ ಬರುವಂತೆ ಮಾಡಿದಳು. ಒಂದು ಚೀಲ ರಕ್ತ ಕಳಿಸಲು ಇಷ್ಟು ಬರೆಯುವುದೇಕೆ ಎಂದು ಈರಪ್ಪನಿಗೆ ಸೋಜಿಗ. ನನಗೂ ಅಷ್ಟೇ.

"ದಾಸ್ತಾನಿನಿಂದ ಚೀಲ ತಗೀಬೇಕು, ರೋಗಿ ಹೆಸರಿಗೆ ಹಚ್ಚಬೇಕು, ಗಾಡಿಗೆ ಹೇಳಬೇಕು" ಎಂದು ಅವಳು ಬೆರಳು ಮಡಚಿದಳು. "ಮೂರೂ ಆದ್ರ ಆತು. ಒಂದು ತಪ್ಪಿದ್ರ ಮೂರೂ ಆಗಿಲ್ಲ. ಅರ್ಧಾ ಅನ್ನೂದು ಇರಬಾರದು."

ಅದನ್ನು ನನಗೆ ಕಲಿಸಿದ ರೀತಿ ಮಾತ್ರ ಘೋರ. ಮೊದಲ ಹೆಜ್ಜೆ ಮುಗಿಯುತ್ತಲೇ ನನ್ನ ಪ್ಲಗ್ ಕೀಳುವಳು. ಮರುದಿನ ಎರಡನೆಯದಾದ ಮೇಲೆ. ಸಾಯಿಸುವುದು, ಬದುಕಿಸುವುದು, ಎದ್ದಕೂಡಲೇ ಪ್ರತಿ ಹೆಜ್ಜೆಯನ್ನೂ ನಾನು ಬರೆದಿಡುವ ದಿನಚರಿ ಓದಿಸಿ ಅರ್ಧ ಆದ ಕೆಲಸವನ್ನು ಅಳಿಸುವುದು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಈರಪ್ಪ ನನ್ನ ಪರ ವಾದಕ್ಕೆ ನಿಲ್ಲುತ್ತಿದ್ದ.

"ದಿನಾ ಹಿಂಗ ಕಿತ್ತರ ಅದು ಬಾಳಿಕಿ ಬರತೈತೇನ್ರಿ ಮೇಡಂ?"

"ಇವತ್ತ ನಾ ಕೀಳಲಿಲ್ಲಂದ್ರ ನಾಳೆ ಮತ್ಯಾರರ ಕೀಳತಾರ, ಈರಪ್ಪಣ್ಣ."

ಆ ಮತ್ಯಾರೋ ಈರಪ್ಪನೇ ಆದ. ಎರಡನೇ ವರ್ಷದ ಆಯುಧ ಪೂಜೆ. ಹಬ್ಬದ ದಿನ ಆಯುಧಗಳಿಗೆ ದುಡಿಮೆ ಇರಕೂಡದೆಂದು ಅವನ ನಂಬಿಕೆ. ನನ್ನ ಮೈ ಒರೆಸಿ, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, "ಒಂದು ತಾಸು ಮಲಕೋ ತಮ್ಮಾ" ಎಂದು ಪ್ಲಗ್ ಕಿತ್ತ. ಪ್ರೀತಿಯಿಂದಲೇ ಕಿತ್ತ.

ಆ ಗಳಿಗೆಯಲ್ಲಿ ರೋಣದ ಆಸ್ಪತ್ರೆಯಿಂದ ಬೇಡಿಕೆ ಬಂದಿತ್ತು. ಹೆರಿಗೆಯಾಗಿ ರಕ್ತ ನಿಲ್ಲದ ಹೆಂಗಸು, ಓ ನೆಗೆಟಿವ್ ಗುಂಪು. ನಮ್ಮಲ್ಲಿದ್ದುದು ಒಂದೇ ಚೀಲ. ದಾಸ್ತಾನಿನ ಲೆಕ್ಕದಿಂದ ಅದನ್ನು ತೆಗೆದಿದ್ದೆ. ಅವಳ ಹೆಸರಿಗೆ ಇನ್ನೂ ಹಚ್ಚಿರಲಿಲ್ಲ.

ಫೋನ್ ಬಡಿದುಕೊಂಡಿತು. ರೋಣದ ನರ್ಸ್ ಹೇಳಿದ್ದನ್ನು ಕೇಳಿ ಈರಪ್ಪ ಆರತಿ ತಟ್ಟೆ ಕೆಳಗಿಟ್ಟು ಪ್ಲಗ್ ಚುಚ್ಚಿದ. ಪರದೆ ತೋರಿಸಿದ್ದನ್ನಷ್ಟೇ ನಂಬಿ ರೂಢಿಯಾದವನು ಅವನು. ಚೀಲ ಹೋಗಿದೆ ಎಂದು ನಾನು ಅಂದಿದ್ದರೆ, ಫ್ರಿಜ್ಜಿನಲ್ಲಿ ಚೀಲ ಇದ್ದೂ ಆ ತಾಯಿಗೆ ಇಲ್ಲ ಎನ್ನುತ್ತಿದ್ದ. ನಾನು ಏಳಲು ನಾಲ್ಕು ನಿಮಿಷ ಬೇಕು. ಅವನ ಬೂಟು ಒಂದೇ ಸಮ ನೆಲ ಕುಟ್ಟುತ್ತಿತ್ತು.

ದಿನಚರಿ ತೆರೆದೆ. ಮೊದಲ ಹೆಜ್ಜೆ ಇದೆ, ಎರಡನೆಯದಿಲ್ಲ. ಫರ್ಜಾನಾ ಅಷ್ಟು ಸಲ ಸಾಯಿಸಿದ್ದು ಯಾತಕ್ಕೆಂದು ಆಗ ತಿಳಿಯಿತು. ಅರ್ಧವನ್ನು ಅಳಿಸಿದೆ. ಪರದೆಯ ಮೇಲೆ ಬಂತು: ಓ ನೆಗೆಟಿವ್, ಒಂದು.

"ಐತ್ರಿ ಸಿಸ್ಟರ್, ಬೇಡಿಕಿ ಮತ್ತೊಮ್ಮೆ ಒತ್ತಿ ಕಳಸ್ರಿ" ಎಂದ ಈರಪ್ಪ ಫೋನಿನಲ್ಲಿ. ಈ ಸಲ ಮೂರೂ ಹೆಜ್ಜೆ ಮುಗಿದು ಗಾಡಿ ಹೊರಟಿತು.

ಆ ಹೆಂಗಸು ಉಳಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. 'ತಲುಪಿತು' ಎಂಬಲ್ಲಿಗೆ ನನ್ನ ದಿನಚರಿ ಮುಗಿಯುತ್ತದೆ. ಆಮೇಲೂ ಸಾವಿರಾರು ಚೀಲ ಕಳಿಸಿದೆ, ಆದರೆ ಆ ಒಂದರ ಮುಂದಿನ ಸುದ್ದಿ ತಿಳಿಯುವ ಆಸೆ ಹೋಗಲೇ ಇಲ್ಲ.

ಈಗ ನನಗೆ ವಯಸ್ಸಾಗಿದೆ. ಕೆಲಸವೆಲ್ಲ ಹೊಸಬನ ಪಾಲಾಗಿ, ನಾನು ರಕ್ತದಾನದ ಕೋಣೆಯ ಮೂಲೆಯಲ್ಲಿ ಬಿಸ್ಕತ್ತಿನ ತಟ್ಟೆ ಹೊತ್ತು ನಿಂತಿದ್ದೇನೆ. ಪ್ಲಗ್ ಹೋದರೂ ಕಿವಿ ಹೋಗಿಲ್ಲ.

ಹೋದ ವಾರ ಒಬ್ಬಾಕೆ ಮಂಚದ ಮೇಲೆ ಮಲಗಿ ತೋಳು ಚಾಚಿದಳು. ಹೆಸರು ನೀಲವ್ವ, ಊರು ರೋಣ.

"ಗುಂಪು ಗೊತ್ತೈತೇನವಾ?" ನಿವೃತ್ತಿಯ ಅಂಚಿನಲ್ಲಿರುವ ಈರಪ್ಪ ಕೇಳಿದ.

"ಓ ನೆಗೆಟಿವ್ ರೀ. ಒಂಬತ್ತು ವರ್ಷದ ಹಿಂದ, ಆಯುಧ ಪೂಜಿ ದಿನ ಹಡದಿದ್ದೆ. ಇಲ್ಲಿಂದನ ಒಂದು ಚೀಲ ಬಂದಿತ್ತು. ಗಾಡಿ ತಡಾ ಆತಂತ ನಮ್ಮವ್ವ ಇವತ್ತಿಗೂ ರೋಣದ ರಸ್ತೆಗೆ ಬೈತಾಳ."

ಈರಪ್ಪ ಅವಳ ತೋಳಿಗೆ ಪಟ್ಟಿ ಬಿಗಿದ. "ರಸ್ತೆದ ತಪ್ಪಲ್ಲವಾ. ಇದರ ಪ್ಲಗ್ ನಾನ ಕಿತ್ತಿದ್ದೆ" ಎಂದು ನನ್ನನ್ನು ತೋರಿಸಿದ.

ಅವಳು ತಿರುಗಿ ನನ್ನನ್ನು ನೋಡಿದಳು. "ಇರಲಿ ಬಿಡ್ರಿ. ನಾ ಬಂದೇನಲ್ಲ" ಎಂದಳು.

ಅವಳ ರಕ್ತ ಚೀಲಕ್ಕೆ ಇಳಿಯತೊಡಗಿತು. ಹೆಜ್ಜೆಗಳು ಮೂರೇ ಎಂದು ಇಷ್ಟು ವರ್ಷ ತಿಳಿದಿದ್ದೆ. ನಾಲ್ಕನೆಯದು ಅಂದು ನನ್ನ ಕಣ್ಣೆದುರೇ ನಡೆಯಿತು, ಬರೆದಿಟ್ಟುಕೊಳ್ಳಲು ನನಗೆ ವಿದ್ಯುತ್ತಿರಲಿಲ್ಲ.