ಧರೆಪ್ಪನ ಬ್ರೇಕ್‌ಡೌನ್ ಬುಕ್ಕು

ಧರೆಪ್ಪನಿಗೆ ಇಂಟರ್ನೆಟ್ಟು ಬೇಕಾಗಿರಲಿಲ್ಲ. ಅವನ ಅಂಗಿಯ ಕಿಸೆಯಲ್ಲಿದ್ದುದು ಬಟನ್ ಫೋನು. ಅದರಲ್ಲಿ ಮಾತಾಡಬಹುದು, ಹೊತ್ತು ನೋಡಬಹುದು, ಕತ್ತಲಾದರೆ ಬ್ಯಾಟರಿ ಹಚ್ಚಬಹುದು. ಇದಕ್ಕಿಂತ ಹೆಚ್ಚಿನದು ಮನುಷ್ಯನಿಗೆ ಯಾಕೆ ಎಂದು ಕೇಳುತ್ತಿದ್ದ. ಆದರೆ ಕಾಗವಾಡದ ಹೊರಗೆ, ದ್ರಾಕ್ಷಿ ತೋಟದ ಮಗ್ಗುಲಲ್ಲಿದ್ದ ಅವನ ಮನೆಯ ಇಂಟರ್ನೆಟ್ಟಿಗೆ ಯಜಮಾನ ಮಾತ್ರ ಅವನೇ. ಮೂವತ್ತೆರಡು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್ ಆಗಿದ್ದವನು ಮನೆಯಲ್ಲಿರುವಾಗ ಬೇರೆಯವರು ವೈರು ಮುಟ್ಟುವುದುಂಟೇ!

ಅದರ ಮೇಲೆ ಅವನು ಮಾತು ಬೇರೆ ಕೊಟ್ಟಿದ್ದ. ಮಗ ಅಮೋಲನಿಗೆ ನಿಪ್ಪಾಣಿಯ ಮನೀಷಾಳನ್ನು ತಂದುಕೊಳ್ಳುವ ಮಾತುಕತೆಯಲ್ಲಿ ಹುಡುಗಿಯ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. ಮಗಳು ಕೊಲ್ಹಾಪುರದ ವಿಮಾ ಕಂಪನಿಯೊಂದರ ಕೆಲಸ ಮಾಡುತ್ತಾಳೆ, ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಮರಾಠಿ, ಕನ್ನಡದ ಗಿರಾಕಿಗಳಿಗೆ ಉತ್ತರ ಕೊಡುತ್ತಾಳೆ. ತೋಟದ ಮನೆಯಲ್ಲಿ ಅದು ನಡೆದೀತೇ? ಧರೆಪ್ಪ ಎದೆ ತಟ್ಟಿಕೊಂಡು ಹೇಳಿದ್ದ: “ನೌಕರಿ ಬಿಡಸೂದು ಬ್ಯಾಡ್ರಿ ಬೀಗರ. ಇನ್ವರ್ಟರ್ ಐತಿ, ವೈರ್ ಐತಿ, ಎಲ್ಲಾಕಿಂತ ಹೆಚ್ಚಿಗಿ ನಾ ಅದೀನಿ.”

ಮದುವೆಯಾದ ಮೇಲೆ ಅಮೋಲ ಮೂರು ಬಿಳಿ ಡಬ್ಬಿಗಳ ಮೆಶ್ ವೈಫೈ ತಂದ. ಒಂದು ನಡುಮನೆಗೆ, ಒಂದು ಮಾಳಿಗೆಯಲ್ಲಿ ಮನೀಷಾಳ ಕೋಣೆಗೆ, ಇನ್ನೊಂದು ತೋಟದ ಮೋಟರ್ ಶೆಡ್ಡಿಗೆ. ಶೆಡ್ಡಿನದು ಮುಂದಿನ ವರ್ಷಕ್ಕೆಂದು. ಆಗ ಹನಿ ನೀರಾವರಿಯನ್ನು ಮೊಬೈಲಿನಿಂದಲೇ ನಡೆಸುವುದು ಅಮೋಲನ ಆಸೆ. ಡಬ್ಬಿಗಳು ವೈರಿಲ್ಲದೆ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತವೆ ಎಂದ ಕೂಡಲೇ ಧರೆಪ್ಪನಿಗೆ ನಗು ಬಂತು. ಎರಡು ಅಡಿ ದಪ್ಪದ ಕಲ್ಲುಗೋಡೆ ಅವನ ಪರವಾಗಿ ನಿಂತಿತು. ಮಾಳಿಗೆಗೆ ಸಿಗ್ನಲ್ಲು ಏದುಸಿರು ಬಿಡುತ್ತ ಬರುತ್ತಿತ್ತು.

ಧರೆಪ್ಪ ನಡುಮನೆಯಿಂದ ಮಾಳಿಗೆಗೆ, ಮಾಳಿಗೆಯಿಂದ ಶೆಡ್ಡಿಗೆ ಪೈಪಿನೊಳಗೆ ವೈರು ಎಳೆದ. ಪ್ರತಿ ಡಬ್ಬಿಯ ಮಗ್ಗುಲಿಗೆ ವೈರು ಕೂಡಿಸುವ ಐದು ಕಿಂಡಿಯ ಚಿಕ್ಕ ಪೆಟ್ಟಿಗೆ ಇಟ್ಟ. ನೆಟ್ಟು ಕಾಲುವೆಯ ನೀರಿನಂತೆ ಹರಿಯಿತು. ಅಲ್ಲಿಗೇ ಕೈ ತೊಳೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಕಾರ್ಖಾನೆಯಲ್ಲಿ ಅವನು ಕಲಿತ ದೊಡ್ಡ ಪಾಠವೊಂದಿತ್ತು. ನಿಲ್ಲಬಾರದ ಜಾಗಕ್ಕೆ ಕರೆಂಟು ಎರಡೂ ಕಡೆಯಿಂದ ಬರಬೇಕು. ಒಂದು ಕಡೆ ಕಡಿದರೆ ಇನ್ನೊಂದು ಕಡೆ ಕಾಯುತ್ತದೆ. ಸೊಸೆಯ ನೌಕರಿ ನಿಲ್ಲಬಾರದ ಜಾಗವೇ ಅಲ್ಲವೇ? ಅವನು ಶೆಡ್ಡಿನಿಂದ ನಡುಮನೆಗೆ ಮೂರನೆಯ ವೈರು ಎಳೆದು ಸುತ್ತು ಪೂರ್ತಿ ಮಾಡಿದ. ಶೆಡ್ಡಿನ ಡಬ್ಬಿಗೂ ಪೆಟ್ಟಿಗೆಗೂ ಮೋಟರಿನ ಮೇನ್ ಸ್ವಿಚ್ಚಿನ ಕೆಳಗಿಂದ ಕರೆಂಟು ಕೊಟ್ಟ. ಶೆಡ್ಡು ಬಿಡುವಾಗ ಮೇನ್ ಬಂದ್ ಮಾಡಿಯೇ ಬರಬೇಕು, ಇದು ಅವನ ಇನ್ನೊಂದು ಪಾಠ. ಹಾಗೆಯೇ ಬಂದ್ ಮಾಡಿ, ಮನೆಗೆ ಬಂದು ಸೊಸೆಯನ್ನು ಕೇಳಿದ: “ನಡೀತೈತೇನವಾ?”

“ಭಾರಿ ನಡೀತೈತ್ರಿ ಮಾಮಾರ,” ಎಂದಳು ಮನೀಷಾ.

ಮರುದಿನದಿಂದ ನೆಟ್ಟು ಬೀಳತೊಡಗಿತು. ಒಂದು ದಿನ ಮುಂಜಾನೆ ಹತ್ತಕ್ಕೆ, ಒಂದು ದಿನ ಮಧ್ಯಾಹ್ನ ಮೂರಕ್ಕೆ, ನಡುವೆ ಎರಡು ದಿನ ಏನೂ ಇಲ್ಲ. ಗಿರಾಕಿ ತನ್ನ ಸತ್ತ ಎಮ್ಮೆಯ ವಿಮೆಯ ದುಃಖ ತೋಡಿಕೊಳ್ಳುತ್ತಿರುವಾಗಲೇ ಮನೀಷಾಳ ಪರದೆ ಕಲ್ಲಾಗುತ್ತಿತ್ತು. ಮೊಬೈಲಿನ ಸಿಗ್ನಲ್ಲು ಆ ತೋಟದಲ್ಲಿ ಮಾತಿಗೆ ಸಾಕಾಗುತ್ತಿತ್ತೇ ಹೊರತು ಕಂಪನಿಯ ಕೆಲಸಕ್ಕಲ್ಲ. ಅವಳು ಮಾವನಿಗೆ ಫೋನು ಮಾಡುತ್ತಿದ್ದಳು. ಅವನು ತೋಟದಲ್ಲಿದ್ದವನು ಮೋಟರು ನಿಲ್ಲಿಸಿ, ಮೇನ್ ಬಂದ್ ಮಾಡಿ, ಧೋತರ ಎತ್ತಿ ಕಟ್ಟಿಕೊಂಡು ಓಡಿ ಬರುತ್ತಿದ್ದ. ಅಂಗಳದಲ್ಲಿ ಕಾಲಿಡುವಷ್ಟರಲ್ಲಿ ನೆಟ್ಟು ಬಂದಿರುತ್ತಿತ್ತು.

“ನಿಮ್ಮನ್ನ ಕಂಡ್ರ ಅದೂ ಅಂಜತೈತಿ ನೋಡ್ರಿ,” ಎನ್ನುತ್ತಿದ್ದಳು ಹೆಂಡತಿ ಕೆಂಚವ್ವ. ಧರೆಪ್ಪ ಅದನ್ನು ಅರ್ಧ ನಂಬಿದ್ದ. ಕಾರ್ಖಾನೆಯಲ್ಲೂ ಅವನು ಬಂದರೆ ಮೋಟರುಗಳು ತಾವಾಗಿ ಸುಮ್ಮನಾಗುತ್ತಿದ್ದವೆಂದು ಹೇಳಿಕೊಂಡು ತಿರುಗುವ ಮನುಷ್ಯ ಅವನು.

ಅಲ್ಲಿಂದ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಶುರುವಾಯಿತು. ಪ್ಲಗ್ಗು ಬದಲಾಯಿತು, ಡಬ್ಬಿ ಬದಲಾಯಿತು, ಮಾಳಿಗೆಯ ವೈರು ಎರಡು ಸಲ ಬದಲಾಯಿತು. ಕೆಂಚವ್ವ ಯಡೂರಿನ ವೀರಭದ್ರನಿಗೆ ಐದು ಕಾಯಿ ಹರಕೆ ಹೊತ್ತಳು. ಮುಂದೆ ಮೂರು ದಿನ ನೆಟ್ಟು ಬೀಳಲಿಲ್ಲ. ಆ ಮೂರು ದಿನ ತೋಟದ ಮೋಟರಿಗೆ ಬೇಕಾದ ಥ್ರೀಫೇಜ್ ಕರೆಂಟೂ ಬಂದಿರಲಿಲ್ಲ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಾಲ್ಕನೇ ದಿನ ವೀರಭದ್ರನೂ ಕೈಬಿಟ್ಟ.

ಇದೆಲ್ಲವನ್ನೂ ಧರೆಪ್ಪ ಬುಕ್ಕಿನಲ್ಲಿ ಬರೆದಿಟ್ಟ. ಕಾರ್ಖಾನೆಯಲ್ಲಿದ್ದಂಥದೇ ಉದ್ದನೆಯ ಬ್ರೇಕ್‌ಡೌನ್ ಬುಕ್ಕು: ತಾರೀಖು, ವೇಳೆ, ಏನಾಯಿತು, ಕಾರಣ. ಕಾರಣದ ಕಾಲಮ್ಮು ಖಾಲಿ ಬಿಡುವವನು ಕೆಲಸಗಾರನೇ ಅಲ್ಲ ಎಂದು ಒಂದು ಕಾಲದಲ್ಲಿ ಅವನೇ ಗುಡುಗುತ್ತಿದ್ದ. ಈಗ ಹನ್ನೊಂದು ಸಾಲು ತುಂಬಿ, ಹನ್ನೊಂದಕ್ಕೂ ಆ ಕಾಲಮ್ಮು ಖಾಲಿಯಿತ್ತು.

ಆ ಗುಡುಗಿಗೆ ಸಿಕ್ಕವನೊಬ್ಬನಿದ್ದ, ದಾವಲಸಾಬ. ಇಪ್ಪತ್ತು ವರ್ಷದ ಹಿಂದೆ ಧರೆಪ್ಪನ ಕೈಕೆಳಗಿನ ವೈರ್‌ಮನ್. ಒಂದು ಮಧ್ಯಾಹ್ನ ಅವನು ಬುತ್ತಿ ಬಿಚ್ಚುವ ಅವಸರದಲ್ಲಿ ಪ್ಯಾನಲ್ಲಿನ ಒಂದು ಸ್ವಿಚ್ಚು ಹಾಕುವುದನ್ನು ಮರೆತು, ಗಾಣ ನಲವತ್ತು ನಿಮಿಷ ನಿಂತಿತ್ತು. “ಸಪ್ಲೈ ಹೋಗಿತ್ತು ಅಂತ ಬರೀರಿ ಸಾಹೇಬ್ರ, ನಿಮ್ಮ ಕಾಲ್ ಬೀಳ್ತೀನಿ,” ಎಂದಿದ್ದ. ಧರೆಪ್ಪ ಬರೆದದ್ದು: ‘ಕಾರಣ: ದಾವಲಸಾಬನ ನಿಷ್ಕಾಳಜಿ. ಸದರಿಯವನನ್ನು ಪ್ಯಾನಲ್‌ನಿಂದ ದೂರ ಇಡತಕ್ಕದ್ದು.’ ದಾವಲಸಾಬ ಎರಡು ವರ್ಷ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿ, ಬೇಸತ್ತು ನೌಕರಿ ಬಿಟ್ಟು ಟಿವಿ ಕೇಬಲ್ಲಿಗೆ ಇಳಿದ. ಈಗ ಸುತ್ತಲಿನ ತೋಟದ ಮನೆಗಳಿಗೆಲ್ಲ ಇಂಟರ್ನೆಟ್ಟು ಕೊಡುವವನು ಅವನೇ. ಅವನಿಗೆ ಒಳ್ಳೆಯದೇ ಆಯಿತಲ್ಲ ಎಂದು ಧರೆಪ್ಪ ಆಗಾಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆಗಾಗ ಹೇಳಿಕೊಳ್ಳಬೇಕಾಗುತ್ತಿತ್ತು ಎಂಬುದೂ ನಿಜ.

ದಾವಲಸಾಬ ನಾಲ್ಕು ಸಲ ಬಂದು ನೋಡಿ ಹೋಗಿದ್ದ. ಪ್ರತಿ ಸಲವೂ ಧರೆಪ್ಪ ಮಗ್ಗುಲಲ್ಲೇ ನಿಂತು ಪಹರೆ ಕಾಯ್ದ. ಪ್ರತಿ ಸಲವೂ ನೆಟ್ಟು ಸರಿಯಿತ್ತು.

ಶುಕ್ರವಾರ ಮನೀಷಾ ಮಾಳಿಗೆಯಿಂದ ಇಳಿದು ಬಂದಾಗ ಅವಳ ಮುಖ ನೋಡಿಯೇ ಧರೆಪ್ಪ ಎದ್ದು ನಿಂತ. ಕಂಪನಿಯವರು ಪತ್ರ ಕಳಿಸಿದ್ದರು. ದೋಷ ಏನು, ಕಾರಣ ಏನು, ರಿಪೇರಿ ಆಯಿತೋ ಇಲ್ಲವೋ, ಇವತ್ತು ಐದರೊಳಗೆ ಬರೆದು ತಿಳಿಸಬೇಕು. ಇಲ್ಲವಾದರೆ ಸೋಮವಾರದಿಂದ ಕೊಲ್ಹಾಪುರದ ಕಚೇರಿಗೇ ಬಂದು ಕೂಡಬೇಕು.

“ಅಲ್ಲೇ ಒಂದು ರೂಮ್ ಹಿಡೀತೀನ್ರಿ. ಶನಿವಾರ ಸಂಜಿಕ ಬಂದು ಹೋಗ್ತೀನಿ,” ಎಂದಳು. ಅವಳು ಜಗಳ ತೆಗೆಯಲಿಲ್ಲ, ‘ನೀವು ಮಾತು ಕೊಟ್ಟಿದ್ರಿ’ ಎನ್ನಲಿಲ್ಲ. ಅಂದಿದ್ದರೆ ಧರೆಪ್ಪನಿಗೆ ಇಷ್ಟು ನೋಯುತ್ತಿರಲಿಲ್ಲ.

ದಾವಲಸಾಬನಿಗೆ ಮತ್ತೆ ಹೇಳಿಕಳಿಸಿದ್ದಾಯಿತು. ಅವನು ಬಂದು ನೋಡಿದ, ಎಲ್ಲ ಸರಿಯಿತ್ತು. ನಾಲ್ಕು ಗಂಟೆಗೆ ಥ್ರೀಫೇಜ್ ಬಂತು. ಕುಡಿ ಕತ್ತರಿಸಿದ ದ್ರಾಕ್ಷಿ ಮೂರು ದಿನದಿಂದ ನೀರು ಕಂಡಿರಲಿಲ್ಲ, ಕಾಯುವಂತಿರಲಿಲ್ಲ.

“ನೀ ಚಾ ಕುಡ್ಕೋತ ಕುಂದ್ರು, ನಾ ಮೋಟರ್ ಹಚ್ಚಿ ಬರ್ತೀನಿ. ಏನೂ ಮುಟ್ಟಬ್ಯಾಡ ಮತ್ತ,” ಎಂದು ಎಚ್ಚರಿಸಿ ಧರೆಪ್ಪ ತೋಟಕ್ಕೆ ಹೋದ.

ಶೆಡ್ಡಿನಲ್ಲಿ ಮೇನ್ ಹಾಕಿ, ಮೋಟರು ಚಾಲೂ ಮಾಡಿ, ಅವನು ಕಲ್ಲಿನ ಮೇಲೆ ಕೂತಿದ್ದನಷ್ಟೆ. ಕಿಸೆಯಲ್ಲಿ ಫೋನು ಬಡಿದುಕೊಂಡಿತು. ದಾವಲಸಾಬ.

“ಸಾಹೇಬ್ರ, ಈಗ ಏನ್ ಮಾಡಿದ್ರಿ?”

“ಏನ್ ಮಾಡ್ಲಿ? ಮೇನ್ ಹಾಕಿ ಮೋಟರ್ ಹಚ್ಚೀನಿ.”

“ಮೇನ್ ಬಂದ್ ಮಾಡ್ರಿ.”

ಯಾರಾದರೂ ತನಗೆ ಹುಕುಂ ಮಾಡಿ ಎಷ್ಟೋ ವರ್ಷವಾಗಿತ್ತು. ಧರೆಪ್ಪ ಬಂದ್ ಮಾಡಿದ.

“ಈಗ ಹಾಕ್ರಿ.”

ಹಾಕಿದ.

“ಮತ್ತ ಬಂದ್ ಮಾಡ್ರಿ.” ಆ ಕಡೆಯಿಂದ ಮನೀಷಾಳ ದನಿಯೂ ಕೇಳಿಸುತ್ತಿತ್ತು: “ಬಂತು... ಹೋತು... ಈಗ ಬಂತ್ರಿ ಕಾಕಾ!”

ಮೂರನೆಯ ಸಲಕ್ಕೆ ಧರೆಪ್ಪನ ಕೈ ಮೇನಿನ ಹಿಡಿಯ ಮೇಲೆಯೇ ನಿಂತುಬಿಟ್ಟಿತು. ಹನ್ನೊಂದು ಸಾಲುಗಳು ಕಣ್ಣ ಮುಂದೆ ಬಂದವು. ಹನ್ನೊಂದು ಸಲವೂ ಅವನು ಇಲ್ಲೇ ಇದ್ದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವನು ತಾನೇ ಎಂದು ತಿಳಿದು, ತೋಟದಲ್ಲಿ ಒಬ್ಬನೇ ಇದ್ದರೂ ಅವನಿಗೆ ನಾಚಿಕೆಯಾಯಿತು.

“ಎರಡು ವೈರ್‌ನ್ಯಾಗ ಒಂದು ಕಿತ್ತು ಬರ್ರಿ ಸಾಹೇಬ್ರ,” ದಾವಲಸಾಬ ಮೆತ್ತಗೆ ಹೇಳಿದ. “ಕರೆಂಟ್ ಎರಡೂ ಕಡಿಂದ ಬಂದ್ರ ನಡದೀತು. ಇದರಾಗ ಸುದ್ದಿ ಹೋಗೂದ್ರಿ. ಸುತ್ತು ಕೂಡಿತಂದ್ರ ಒಂದ ಸುದ್ದಿ ಗಾಣದ ಎತ್ತಿನಂಗ ತಿರಗಾಕ ಹತ್ತತೈತಿ, ಬ್ಯಾರೆ ಸುದ್ದಿಗೆ ದಾರಿ ಸಿಗೂದಿಲ್ಲ. ಶೆಡ್‌ನ್ಯಾಗಿನ ಪೆಟ್ಟಿಗಿಗೆ ಕರೆಂಟ್ ಬಂದ್ರ ಸುತ್ತು ಕೂಡತೈತಿ, ಹೋದ್ರ ಬಿಡತೈತಿ. ಅಷ್ಟ.”

ಧರೆಪ್ಪ ಮೂರನೆಯ ವೈರನ್ನು ಕಿತ್ತ. ಮೇನ್ ಹಾಕಿ ಮೋಟರನ್ನು ಓಡಲು ಬಿಟ್ಟು, ಮನೆಗೆ ನಡೆದ. ಈ ಸಲ ಓಡಲಿಲ್ಲ.

ಪಡಸಾಲೆಯಲ್ಲಿ ಮನೀಷಾ ಕಂಪ್ಯೂಟರು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೋಟರು ಓಡುತ್ತಿತ್ತು, ನೆಟ್ಟೂ ಓಡುತ್ತಿತ್ತು. ಕೆಂಚವ್ವ ಚಹಾದ ಕಪ್ಪು ಎತ್ತುತ್ತ ಕೇಳಿದಳು, “ಏನಾಗಿತ್ತಂತ?”

ದಾವಲಸಾಬ ಧರೆಪ್ಪನನ್ನು ಒಂದು ಗಳಿಗೆ ನೋಡಿದ. “ಸಪ್ಲೈರಿ ವೈನಿ. ಶೆಡ್ಡಿನ ಸಪ್ಲೈದು ಗಡಬಡ ಇತ್ತು,” ಎಂದ.

ಇಪ್ಪತ್ತು ವರ್ಷದ ಹಿಂದೆ ಅವನು ಕೈಮುಗಿದು ಬೇಡಿದ್ದ ಸುಳ್ಳು ಅದು. ಅದನ್ನೇ ಈಗ ಧರೆಪ್ಪ ಬೇಡದಿದ್ದರೂ ಅವನು ಕೊಡುತ್ತಿದ್ದ. ಸಿಟ್ಟು ಮಾಡಿದ್ದರೆ ಉತ್ತರ ಕೊಡಬಹುದಿತ್ತು, ನಕ್ಕಿದ್ದರೆ ಬೈಯಬಹುದಿತ್ತು. ಈ ದೊಡ್ಡತನಕ್ಕೆ ಏನು ಮಾಡುವುದು? ಆ ಸುಳ್ಳನ್ನು ಸುಮ್ಮನೆ ಒಪ್ಪಿಕೊಂಡುಬಿಡುವುದೇ ಲೇಸು ಎನಿಸಿತು. ಕರೆಂಟಿನವರು ಇದಕ್ಕಿಂತ ದೊಡ್ಡ ಅಪವಾದಗಳನ್ನು ಹೊತ್ತವರು, ಇದೊಂದು ಭಾರವೇ ಅವರಿಗೆ?

ಆದರೆ ಮನೀಷಾ ಟೈಪು ಮಾಡುವುದನ್ನು ನಿಲ್ಲಿಸಿದ್ದಳು. “ಸಪ್ಲೈ ಅಂತ ಬರದ್ರ ಮುಗೀತ್ರಿ ಕಾಕಾ,” ಎಂದಳು. “ಇಲ್ಲೇ ಬರದಾರ. ಕರೆಂಟಿನ ಭರವಸೆ ಇಲ್ಲದ ಮನಿಯವರು ಕಚೇರಿಗೇ ಬರಬೇಕಂತ.”

ತನ್ನ ಉಪಕಾರ ಇಷ್ಟು ಬೇಗ ಅಪಕಾರವಾದೀತೆಂದು ದಾವಲಸಾಬನೂ ಎಣಿಸಿರಲಿಲ್ಲ. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು.

ಧರೆಪ್ಪ ಗೂಡಿನಿಂದ ಬುಕ್ಕು ತಂದ. ಹೊರಸಿನ ಮೇಲೆ ಕೂತು, ಹನ್ನೊಂದೂ ಸಾಲುಗಳ ಕಾರಣದ ಕಾಲಮ್ಮಿಗೆ ಸೇರಿಸಿ ಮೇಲಿಂದ ಕೆಳಗೆ ಒಂದೇ ಕಂಸ ಎಳೆದ. ಬರೆಯುತ್ತಲೇ ಓದಿದ:

“ಬರಕೋ ಯವ್ವಾ. ಕಾರಣ: ಧರೆಪ್ಪನ ನಿಷ್ಕಾಳಜಿ. ಒಂದು ವೈರು ಹೆಚ್ಚಿಗೆ ಎಳೆದದ್ದು. ಈಗ ತೆಗೆಯಲಾಗಿದೆ.”

“ಯಾರ್ದು ನಿಷ್ಕಾಳಜಿ?” ಕೆಂಚವ್ವನಿಗೆ ಕೇಳಿಸಿತ್ತು, ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಮೊದಲ ಸಲ ಕೇಳಿದ ಮಾತಾದ್ದರಿಂದ ಖಾತ್ರಿ ಮಾಡಿಕೊಳ್ಳುತ್ತಿದ್ದಳು. “ಮತ್ತ ನನ್ನ ಐದ್ ಕಾಯಿ?”

“ನಾನ ಒಡದ ಬರ್ತೀನಿ,” ಎಂದ ಧರೆಪ್ಪ.

ಮನೀಷಾ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದಳು. ಅರ್ಧ ತಾಸಿನಲ್ಲಿ ಉತ್ತರ ಬಂತು. ಓದುತ್ತಿದ್ದಂತೆ ಅವಳ ಮುಖ ಅರಳಿತು. ಕೊನೆಗೆ ಬಂದಾಗ ತುಟಿ ಕಚ್ಚಿಕೊಂಡಳು.

“ಮನಿಯಿಂದನ ಮಾಡು ಅಂದಾರ್ರಿ ಮಾಮಾರ. ಕೊಲ್ಹಾಪುರಕ್ಕ ಹೋಗೂದಿಲ್ಲ. ಆದ್ರ...”

“ಆದ್ರ ಏನು?”

“ಒಂದು ಕರಾರ್ ಹಾಕ್ಯಾರ್ರಿ.” ಅವಳು ಪರದೆಯನ್ನು ಅವನ ಕಡೆ ತಿರುಗಿಸಿ, ಮರಾಠಿಯಲ್ಲಿದ್ದುದನ್ನು ಮೆಲ್ಲಗೆ ಬಿಡಿಸಿ ಹೇಳಿದಳು.

ಧರೆಪ್ಪ ಬುಕ್ಕನ್ನು ಮತ್ತೆ ಮುಂದಕ್ಕೆ ಎಳೆದುಕೊಂಡ. ಆಮೇಲೆ ಪೆನ್ನು ತೆಗೆದ. ಬಂದ ಹುಕುಂ ಬುಕ್ಕಿಗೆ ಏರಲೇಬೇಕು, ಇದು ಕೂಡ ಅವನದೇ ನಿಯಮ. ಕಂಸದ ಕೆಳಗೆ ದುಂಡಗೆ ಬರೆದು, ಸಹಿ ಹಾಕಿ, ಒಂದೇ ಉಸಿರಿಗೆ ಓದಿದ: “ಸದರಿ ವ್ಯಕ್ತಿಯನ್ನು ಯಂತ್ರಗಳಿಂದ ದೂರ ಇಡತಕ್ಕದ್ದು.”

ದಾವಲಸಾಬ ತಣ್ಣಗಾದ ಚಹಾವನ್ನು ಒಂದು ಗುಟುಕು ಕುಡಿದ. ಕಪ್ಪನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದ.

“ಸರಿಯಾಗಿ ಕೇಳಲಿಲ್ರಿ ಸಾಹೇಬ್ರ. ಇನ್ನೊಮ್ಮೆ ಓದ್ರಿ.”

ಅವನಿಗೆ ಸರಿಯಾಗಿಯೇ ಕೇಳಿಸಿತ್ತು. ಅದು ಧರೆಪ್ಪನಿಗೂ ಗೊತ್ತಿತ್ತು. ಅವನು ಕನ್ನಡಕ ಸರಿಮಾಡಿಕೊಂಡು, ಈ ಸಲ ಸಾವಕಾಶವಾಗಿ, ಗಟ್ಟಿ ದನಿಯಲ್ಲಿ ಇನ್ನೊಮ್ಮೆ ಓದಿದ.