ಕೆರೆಯ ನಡುವೆ ಮಾವನ ಪಟಗ

ಕಾರವಾರದಲ್ಲಿ ಬಡಗಿ ಕೆಲಸ ಮಾಡಿ ಊರಿಗೆ ಮರಳುವಾಗ ನಾನು ಹಾಯಿದೋಣಿ ಕಟ್ಟುವುದನ್ನು ಕಲಿತು ಬಂದಿದ್ದೆ. ಈಜು ಮಾತ್ರ ಕಲಿತಿರಲಿಲ್ಲ. ದೇವಿಕೊಪ್ಪದ ಕೆರೆಗೆ ದೋಣಿ ಇಳಿಸುತ್ತೇನೆಂದಾಗ ಹೆಂಡತಿ ಸಾವಿತ್ರೆವ್ವ ಒಂದೇ ಮಾತು ಹೇಳಿದಳು: "ಅಪ್ಪ ಜೋಡಿ ಇದ್ರ ಇಳೀರಿ. ಇಲ್ಲಾಂದ್ರ ಆ ಕಟಿಗಿ ಒಲಿಗೆ ಹಾಕ್ತೀನಿ."

ಅವಳಪ್ಪ, ಅಂದರೆ ನನ್ನ ಮಾವ ಅಂದಾನೆಪ್ಪ, ಈಜಿನಲ್ಲಿ ಗಟ್ಟಿಗರು. ಆದರೆ ನನ್ನ ದೋಣಿ ಕಂಡರೆ ಅವರಿಗೆ ಅಷ್ಟಕ್ಕಷ್ಟೇ. "ಅಳಿಯಂದಿರ, ಇದು ದೋಣೀನೋ ದನದ ಗ್ವಾದ್ಲೀನೋ?" ಎನ್ನುತ್ತಲೇ ಹತ್ತಿ ಕುಳಿತರು. ಸಾವಿತ್ರೆವ್ವ ದಂಡೆಯಲ್ಲೇ ನೋಡುತ್ತ ಉಳಿದಳು.

ನಡುಗೆರೆ ಮುಟ್ಟುವವರೆಗೆ ಎಲ್ಲ ಚೆನ್ನಾಗಿತ್ತು. ಮಾವ ನಗುತ್ತಲೂ ಇದ್ದರು. ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು, ದೋಣಿ ಮಗ್ಗುಲಾಗಿ ಹಾಯಿ ನೀರಿನ ಮೇಲೆ ಹಾಸಿಕೊಂಡಿತು. ನಾನು ದೋಣಿಯ ಅಂಚನ್ನು ಅಪ್ಪಿಕೊಂಡೆ. ಜೀವಭಯ ಅಂದರೇನೆಂದು ಅವತ್ತು ಗೊತ್ತಾಯಿತು.

"ಕೈ ಬಿಡಬ್ಯಾಡ್ರಿ," ಎಂದರು ಮಾವ, ಸಾವಕಾಶವಾಗಿ. "ಏನ ಮಾಡಬೇಕು, ಅದನ್ನ ಹೇಳ್ರಿ."

ದೋಣಿ ಪಕ್ಕಕ್ಕೆ ಜಾರದಿರಲೆಂದು ತಳದ ಸೀಳಿನಲ್ಲಿ ಹಲಗೆಯೊಂದನ್ನು ಇಳಿಬಿಟ್ಟಿದ್ದೆ. ಅದರ ಮೇಲೆ ನಿಲ್ಲಲು ಹೇಳಿದೆ. ಅವರು ಆಚೆ ಈಜಿ ಹೋಗಿ ಹಲಗೆಯ ಮೇಲೆ ಭಾರ ಹಾಕಿದರು. ದೋಣಿ ನನ್ನನ್ನೂ ಒಳಗೆ ಬಾಚಿಕೊಂಡು ನೆಟ್ಟಗಾಯಿತು. ಹಲಗೆ ಮಾತ್ರ ಲಟಕ್ಕನೆ ಮುರಿದು ತೇಲಿಹೋಯಿತು. ತೆರೆದ ಸೀಳಿನಿಂದ ನೀರು ಬುಗುಬುಗು ಉಕ್ಕತೊಡಗಿತು. ಡಬ್ಬಿಯಿಂದ ಎಷ್ಟು ಗೋರಿದರೂ ಅಷ್ಟೇ ಒಳಗೆ ಬರುತ್ತಿತ್ತು. ಅಂಗಿ ಕಳಚಿ ತುರುಕಿದೆ. ತೆಳು ಬಟ್ಟೆ, ನೀರು ಅದನ್ನು ಹೊರಗೆ ಉಗುಳಿತು.

"ದಪ್ಪ ಅರಬಿ ಬೇಕ್ರಿ ಮಾವಾರ! ದೋಣಿ ಮುಳಗತೈತಿ!"

ಮಾವ ಹೊರಗೆ ಅಂಚು ಹಿಡಿದು ತೇಲುತ್ತಿದ್ದರು. ನೀರಿಗೆ ಬಿದ್ದರೂ ಬಿಚ್ಚದ ಹಾಗೆ ಬಿಗಿದು ಸುತ್ತಿದ್ದ ಪಟಗ ಇನ್ನೂ ಅವರ ತಲೆಯ ಮೇಲಿತ್ತು. ಮನೆಯಲ್ಲಿ ಸಾವಾದಾಗ ಬಿಟ್ಟರೆ ನಮ್ಮ ಕಡೆಯ ಹಿರಿಯರು ನಾಲ್ಕು ಜನರೆದುರು ಬರಿದಲೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅವರು ದಂಡೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಪಟಗ ಬಿಚ್ಚಿ ಕೊಟ್ಟರು.

ಬೋರಲು ಬಿದ್ದು ಅದನ್ನು ಸೀಳಿನ ತುಂಬ ಗಿಡಿದೆ. ಉಕ್ಕುತ್ತಿದ್ದ ನೀರು ನಿಂತಿತು. ಎದ್ದರೆ ಮತ್ತೆ ಮಗುಚೀತೆಂಬ ಅಂಜಿಕೆಯಿಂದ ಮಲಗಿದಲ್ಲೇ ಗೋರುತ್ತ ಹೋದೆ. ದೋಣಿ ಹಗುರಾಗಿ ಮೇಲೆದ್ದ ಮೇಲಷ್ಟೇ ನಿಂತು ದಂಡೆಯತ್ತ ಕೈ ಬೀಸಿದೆ. ಬದುಕಿದೆನೆಂಬ ಖುಷಿಗೆ ನಗು ತಡೆಯಲಾಗಲಿಲ್ಲ.

ದಂಡೆ ಸೇರಿದಾಗ ಸಾವಿತ್ರೆವ್ವ ಕೆರೆ ಏರಿಯ ಕಲ್ಲಿನ ಮೇಲೆ ಕುಳಿತಿದ್ದಳು. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋದೆ. ಅವಳು ಬೈಯಲಿಲ್ಲ.

"ಅಪ್ಪನ ಬರಿದಲಿ ಕಂಡ್ತು," ಎಂದಳು. "ನೀವು ಎಲ್ಲೂ ಕಾಣಲಿಲ್ಲ."

ಮಾವ ಮುಖ ಆಚೆ ತಿರುಗಿಸಿದರು. ಕಲ್ಲಿನ ಬುಡದಲ್ಲಿ ಹಸಿರು ಬಳೆಯ ಚೂರು ಬಿದ್ದಿದ್ದು ಆಗ ನನಗೆ ಕಂಡಿತು. ಅವಳ ಬಲಗೈ ಬರಿದಾಗಿತ್ತು, ಮಣಿಕಟ್ಟಿನಲ್ಲಿ ರಕ್ತ ಒಸರುತ್ತಿತ್ತು.

"ಎಡಗೈ ಎತ್ತಿದ್ದೆ," ಎಂದಳು. "ಅಷ್ಟರಾಗ ನೀವು ಎದ್ದು ನಿಂತ್ರಿ."